ಒಡವೆ ಕಳೆದುಕೊಂಡವರು ಸುಮ್ಮನಿರಬೇಡಿ: ಇಂಗ್ಲೆಂಡಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿರುವ ನನ್ನ ಕನ್ನಡದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ಸ್ಲೌ, ರೆಡಿಂಗ್, ಹ್ಯಾರೋ, ಮಿಲ್ಟನ್ ಕೀನ್ಸ್, ಸ್ವಿಂಡನ್, ಲೆಸ್ಟರ್, ಮ್ಯಾಂಚೆಸ್ಟರ್. ನೀವು ಇದರಲ್ಲಿ ಯಾವ ಊರಲ್ಲೇ ಇರಿ, ನಿಮಗೆ ಗೊತ್ತಿರುವ ಒಂದಾದರೂ ಭಾರತೀಯರ ಮನೆಗೆ ಕಳ್ಳರು ನುಗ್ಗಿರುತ್ತಾರೆ. ಟಿವಿ ಗೋಡೆಯ ಮೇಲೇ ಇರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೇ ಇರುತ್ತದೆ. ಹೋಗಿರುವುದು ಒಡವೆ ಮಾತ್ರ.

ಈ ಪತ್ರ ಯಾರನ್ನೂ ಹೆದರಿಸುವುದಕ್ಕಲ್ಲ. ಕಳ್ಳತನ ಆದಮೇಲೆ ನಾವು ಸುಮ್ಮನಾಗಿಬಿಡುತ್ತೇವಲ್ಲ, ಅದರ ಬಗ್ಗೆ ಮಾತಾಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾವು ಬಾಯಿ ಮುಚ್ಚಿಕೊಂಡಿರುವುದರಿಂದ ಅನುಕೂಲ ಆಗುತ್ತಿರುವುದು ಕಳ್ಳರಿಗೆ, ಮತ್ತು ಅವರಿಂದ ಏನೂ ಕೇಳದೆ ಚಿನ್ನ ಕೊಳ್ಳುವವರಿಗೆ.

ಮೊದಲು ಇದು ಎಷ್ಟು ದೊಡ್ಡದು ಅನ್ನೋದು ತಿಳಿದಿರಲಿ. 2019ರಲ್ಲಿ ಬಿಬಿಸಿಯವರು ಮಾಹಿತಿ ಹಕ್ಕಿನಡಿ ಪೊಲೀಸರಿಂದ ಲೆಕ್ಕ ಕೇಳಿ ಪಡೆದರು. ದಕ್ಷಿಣ ಏಷ್ಯಾದ ಕುಟುಂಬಗಳ ಚಿನ್ನ, ಐದು ವರ್ಷಗಳಲ್ಲಿ ಸುಮಾರು 14 ಕೋಟಿ ಪೌಂಡ್ ಬೆಲೆಯದ್ದು, ಕಳುವಾಗಿತ್ತು. ಸುಮಾರು 28,000 ಕಳ್ಳತನಗಳು. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ಆಮೇಲೆ ಚಿನ್ನದ ಬೆಲೆ ಎಲ್ಲಿಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ. 2025ರ ಅಕ್ಟೋಬರ್‌ನಲ್ಲಿ ಒಂದು ಔನ್ಸಿಗೆ 4,000 ಡಾಲರ್ ದಾಟಿತು. ಅಮ್ಮ ಕೊಟ್ಟ ಅದೇ ಸರ, ಅದೇ ಬಳೆ, ಇವತ್ತು ಕಳ್ಳನಿಗೆ ಆಗಿನ ಎರಡು ಪಟ್ಟಿಗಿಂತ ಜಾಸ್ತಿ ಬೆಲೆಯದ್ದು.

ನಮ್ಮ ಮನೆಗಳನ್ನೇ ಯಾಕೆ ಹುಡುಕುತ್ತಾರೆ? ಕಾರಣ ತುಂಬಾ ಸರಳ. ಈ ದೇಶದ ಸಾಮಾನ್ಯ ಒಡವೆ ಅಂಗಡಿಗಳಲ್ಲಿ 9 ಕ್ಯಾರೆಟ್ ಚಿನ್ನವೇ ಹೆಚ್ಚು. ಅಂದರೆ ಸಾವಿರಕ್ಕೆ 375 ಭಾಗ ಚಿನ್ನ. ನಮ್ಮದು 22 ಕ್ಯಾರೆಟ್, ಸಾವಿರಕ್ಕೆ 916. ಕರಗಿಸಿದರೆ ಮುಗಿಯಿತು, ಅದು ಯಾರದ್ದು ಅಂತ ಹೇಳುವ ಗುರುತೇ ಉಳಿಯುವುದಿಲ್ಲ. ಅಜ್ಜಿಯ ಕಾಸಿನ ಸರವೂ ಅಷ್ಟೇ, ಕೊಡಗಿನ ಕೊಕ್ಕೆತಾತಿಯೂ ಅಷ್ಟೇ, ಒಂದು ಗಟ್ಟಿಯಾಗಿ ಬಿಡುತ್ತದೆ. ಮೇಲಾಗಿ, ನಮ್ಮ ಮನೆಯಲ್ಲಿ ಚಿನ್ನ ಇರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಬೀರು, ದೇವರ ಮನೆಯ ಡ್ರಾಯರ್, ಮಂಚದ ಕೆಳಗಿನ ಸೂಟ್‌ಕೇಸ್, ಅಕ್ಕಿ ಡಬ್ಬ, ಬೇಳೆ ಡಬ್ಬ. ನಾವು ಗುಟ್ಟು ಅಂದುಕೊಂಡಿರುವ ಈ ಜಾಗಗಳೆಲ್ಲ ಅವರು ಮೊದಲು ನೋಡುವ ಜಾಗಗಳು.

ನಮ್ಮ ಪಕ್ಕದ ರಸ್ತೆಯ ಒಂದು ಕನ್ನಡ ಕುಟುಂಬದ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಸಂಜೆ ಐದೂವರೆ ಹೊತ್ತಿಗೆ, ಕತ್ತಲಾದಮೇಲೆ, ಮಕ್ಕಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ವಾಪಸ್ ಬಂದಾಗ ಹಿಂದಿನ ಬಾಗಿಲು ತೆರೆದಿತ್ತು. ಅಡುಗೆಮನೆ ನೆಲದ ತುಂಬ ಸೋನಾ ಮಸೂರಿ ಅಕ್ಕಿ. ಡಬ್ಬವನ್ನು ಬೋರಲು ಹಾಕಿ ಹುಡುಕಿದ್ದರು. ದೇವರ ಫೋಟೋಗಳನ್ನೆಲ್ಲ ಕೆಳಗಿಟ್ಟು ಹಿಂದೆ ನೋಡಿದ್ದರು. ಮಾರನೇ ದಿನ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಸೌಜನ್ಯದಿಂದಲೇ ಮಾತಾಡಿಸಿದರು. ಏನೇನು ಹೋಗಿದೆ, ಒಂದೊಂದಾಗಿ ವಿವರಿಸಿ ಅಂದರು.

ಆ ಹೆಣ್ಣುಮಗಳಿಗೆ ಎಲ್ಲವೂ ಗೊತ್ತು. ಅವಲಕ್ಕಿ ಸರ ಅಜ್ಜಿಯದ್ದು. ಪಾಟ್ಲಿ, ಬಿಲ್ವಾರ ಅತ್ತೆ ಕೊಟ್ಟಿದ್ದು. ಜುಮುಕಿ ಅಮ್ಮ ಚೀಟಿ ಹಾಕಿ ಮಾಡಿಸಿದ್ದು. ಆದರೆ ತೂಕ ಎಷ್ಟು? ಗೊತ್ತಿಲ್ಲ. ಬಿಲ್? ದಾವಣಗೆರೆಯ ಮನೆಯಲ್ಲಿ ಎಲ್ಲೋ ಇರಬಹುದು. ಫೋಟೋ? ಮದುವೆ ಆಲ್ಬಂ ತೆಗೆದರು. ಪ್ರತಿ ಫೋಟೋದಲ್ಲೂ ಸರದ ಮೇಲೆ ದಪ್ಪ ಹೂವಿನ ಹಾರ. ಕೊನೆಗೆ ದೂರಿನಲ್ಲಿ ದಾಖಲಾಗಿದ್ದು ಏನು ಗೊತ್ತಾ? ಚಿನ್ನದ ನೆಕ್ಲೇಸ್ ಒಂದು, ಬಳೆಗಳು, ಓಲೆ. ಇಷ್ಟೇ. ಮೂರು ತಲೆಮಾರಿನ ಒಡವೆ ಒಂದೂವರೆ ಸಾಲಿನಲ್ಲಿ ಮುಗಿಯಿತು. ಇಷ್ಟನ್ನು ಹಿಡಿದುಕೊಂಡು ಯಾವ ಪೊಲೀಸರು, ಯಾವ ಅಂಗಡಿಯಲ್ಲಿ, ಏನನ್ನು ಹುಡುಕುತ್ತಾರೆ ಹೇಳಿ?

ಆಮೇಲೆ ಆ ಮನೆಯವರು ಮಾಡಿದ್ದನ್ನೇ ನಮ್ಮಲ್ಲಿ ಬಹಳ ಜನ ಮಾಡುತ್ತಾರೆ. ಊರಿಗೆ ಹೇಳಲಿಲ್ಲ. ಅತ್ತೆಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ ಅಂತ. ನೆಂಟರು 'ಅಷ್ಟೊಂದು ಯಾಕೆ ತಗೊಂಡು ಹೋದೆ' ಅಂತ ಕೇಳುತ್ತಾರೆ ಅಂತ. ಮುಂದಿನ ಸಲ ಊರಿಗೆ ಹೋದಾಗ ಮದುವೆ ಮನೆಗೆ ಬೇರೆಯವರಿಂದ ಕೇಳಿ ಪಡೆದ ಸರ ಹಾಕಿಕೊಂಡು ಹೋದರು. ಕಳ್ಳ ಆರಾಮಾಗಿದ್ದಾನೆ, ತಲೆ ತಗ್ಗಿಸಿ ಓಡಾಡುತ್ತಿರುವವರು ಕಳೆದುಕೊಂಡವರು. ಇದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಊರಲ್ಲಿರುವ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೈ ಮುಗಿದು ಕೇಳುತ್ತೇನೆ. ಮಗಳೋ ಸೊಸೆಯೋ ಫೋನ್ ಮಾಡಿ ಹೀಗಾಯಿತು ಅಂದರೆ, ಮೊದಲು 'ನೀವೆಲ್ಲ ಹುಷಾರಾಗಿದ್ದೀರಾ' ಅಂತ ಕೇಳಿ. ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಪೊಲೀಸರಿಗೂ ಪೂರ್ತಿ ಹೇಳುವುದಿಲ್ಲ. ನಿಮ್ಮ ಹತ್ತಿರ ಹಳೆಯ ಬಿಲ್, ಅಕ್ಕಸಾಲಿಗರ ಚೀಟಿ, ಮದುವೆಯ ಒಳ್ಳೆಯ ಫೋಟೋ ಇದ್ದರೆ ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ. ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ದೂರು ಕೊಡಲು ಹಿಂಜರಿಯುವುದಕ್ಕೆ ಇನ್ನೂ ಒಂದು ಕಾರಣ ಕೇಳಿದ್ದೇನೆ. ವೀಸಾಕ್ಕೆ ತೊಂದರೆ ಆಗುತ್ತೇನೋ ಅನ್ನುವ ಅಳುಕು. ಕ್ರಮಬದ್ಧ ವೀಸಾದ ಮೇಲೆ ಬಂದು ಕೆಲಸ ಮಾಡುತ್ತಿರುವವರು ಕಳ್ಳತನದ ದೂರು ಕೊಟ್ಟರೆ ವೀಸಾಕ್ಕೆ ಏನೂ ಆಗುವುದಿಲ್ಲ. ಕಳ್ಳರು ಮನೆಯೊಳಗೇ ಇದ್ದಾರೆ ಅನ್ನಿಸಿದರೆ 999. ಬಂದು ಹೋಗಿದ್ದಾರೆ ಅಂದರೆ 101, ಇಲ್ಲವೇ ಪೊಲೀಸರ ವೆಬ್‌ಸೈಟಿನಲ್ಲಿ. ಏನನ್ನೂ ಒರೆಸಬೇಡಿ, ಗುಡಿಸಬೇಡಿ. ಮನೆ ಹಾಗೆ ಹರಡಿಕೊಂಡಿರುವುದನ್ನು ನೋಡಿದರೆ ಕೈ ತಾನಾಗಿ ಪೊರಕೆಗೆ ಹೋಗುತ್ತದೆ, ನಿಜ. ಆದರೂ ಅವರು ಬಂದು ನೋಡುವವರೆಗೆ ತಡೆಯಿರಿ. 2022ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 43 ಪೊಲೀಸ್ ಪಡೆಗಳೂ ಒಂದು ಮಾತು ಕೊಟ್ಟಿವೆ. ಮನೆ ಕಳ್ಳತನ ಆದರೆ ಪ್ರತಿ ಮನೆಗೂ ಖುದ್ದಾಗಿ ಹೋಗುತ್ತೇವೆ ಅಂತ. ಫೋನಿನಲ್ಲೇ ನಂಬರ್ ಕೊಟ್ಟು ಮುಗಿಸಲು ನೋಡಿದರೆ ಆ ಮಾತನ್ನು ನೆನಪಿಸಿ. ಅದು ಅವರೇ ಕೊಟ್ಟ ಮಾತು, ಉಪಕಾರ ಅಲ್ಲ. ಇಂಗ್ಲಿಷ್ ಕಷ್ಟ ಅನ್ನುವ ಹಿರಿಯರಿಗೆ ದುಭಾಷಿ ಬೇಕು ಅಂತ ಕೇಳಬಹುದು, ಅದೂ ಅಪರಾಧಕ್ಕೆ ಒಳಗಾದವರ ಹಕ್ಕುಗಳನ್ನು ಹೇಳುವ ಇಲ್ಲಿನ ಸಂತ್ರಸ್ತರ ಸಂಹಿತೆಯಲ್ಲಿ (ವಿಕ್ಟಿಮ್ಸ್ ಕೋಡ್) ಇದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಬೀಗ, ಅಲಾರಂ, ಕ್ಯಾಮೆರಾ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕದ್ದ ಚಿನ್ನ ಎಲ್ಲಿ ಮಾರಾಟ ಆಗುತ್ತದೆ ಅಂತ ಯಾರೂ ಮಾತಾಡುವುದಿಲ್ಲ.

ಈ ದೇಶದಲ್ಲಿ ಒಂದು ಕಾಲಕ್ಕೆ ತಾಮ್ರ, ಸೀಸದ ಕಳ್ಳತನ ವಿಪರೀತ ಆಗಿತ್ತು. ರೈಲ್ವೆ ಕೇಬಲ್ ಕಡಿದುಕೊಂಡು ಹೋಗುತ್ತಿದ್ದರು. ಚರ್ಚ್ ಮೇಲಿನ ಸೀಸದ ಹೊದಿಕೆ ಕಿತ್ತುಕೊಂಡು ಹೋಗುತ್ತಿದ್ದರು. ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕಗಳ ಫಲಕಗಳನ್ನೂ ಬಿಡಲಿಲ್ಲ. ಜನ ರೊಚ್ಚಿಗೆದ್ದರು, ಸಂಸತ್ತಿನಲ್ಲಿ ಗಲಾಟೆ ಆಯಿತು. 2013ರಲ್ಲಿ ಗುಜರಿ ಲೋಹದ ವ್ಯಾಪಾರಿಗಳ ಕಾಯ್ದೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗುಜರಿ ಕೊಳ್ಳುವವರಿಗೆ ಲೈಸೆನ್ಸ್ ಬೇಕು. ಮಾರುವವನ ಹೆಸರು ವಿಳಾಸ ಪರಿಶೀಲಿಸಬೇಕು. ದಾಖಲೆ ಇಡಬೇಕು. ಎಲ್ಲಕ್ಕಿಂತ ಮುಖ್ಯ, ನಗದು ಕೊಡುವಂತಿಲ್ಲ. ಬ್ಯಾಂಕಿನ ಮೂಲಕವೇ ಹಣ ಹೋಗಬೇಕು. ಆಮೇಲಿನ ವರ್ಷಗಳಲ್ಲಿ ಲೋಹದ ಕಳ್ಳತನ ಚೆನ್ನಾಗಿ ಇಳಿಯಿತು. ತಾಮ್ರದ ಬೆಲೆ ಇಳಿದದ್ದೂ ಅದಕ್ಕೆ ಒಂದು ಕಾರಣ ಅನ್ನಿ. ಆದರೆ ಕಾಯ್ದೆ ಕೆಲಸ ಮಾಡಿದ್ದು ನಿಜ.

ಈಗ ಅದೇ ಕಾಯ್ದೆಯ 21ನೇ ವಿಧಿ ತೆಗೆದು ನೋಡಿ. ಗುಜರಿ ಲೋಹ ಅಂದರೆ ಯಾವುದು ಅಂತ ಅಲ್ಲಿ ಹೇಳಿದೆ. ಯಾವುದು ಅಲ್ಲ ಅಂತಲೂ ಹೇಳಿದೆ. ಚಿನ್ನ ಅಲ್ಲ. ಬೆಳ್ಳಿ ಅಲ್ಲ. ತೂಕದಲ್ಲಿ ನೂರಕ್ಕೆ ಎರಡು ಭಾಗ ಅಥವಾ ಅದಕ್ಕಿಂತ ಹೆಚ್ಚು ಚಿನ್ನವೋ ಬೆಳ್ಳಿಯೋ ಇರುವ ಮಿಶ್ರ ಲೋಹವೂ ಅಲ್ಲ.

ಅಂದರೆ ಹಳೇ ಗೀಸರಿನ ತಾಮ್ರದ ಪೈಪ್ ಮಾರಲು ಹೋದವನು ಗುರುತಿನ ಚೀಟಿ ತೋರಿಸಬೇಕು, ಬ್ಯಾಂಕ್ ಖಾತೆಗೆ ಹಣ ಬರುವವರೆಗೆ ಕಾಯಬೇಕು. ನನ್ನ ನಿಮ್ಮ ಅಮ್ಮನ ಸರ ತುಂಡು ಮಾಡಿಕೊಂಡು ಹೋದವನಿಗೆ ಈ ಕಾಯ್ದೆಯ ಯಾವ ತಡೆಯೂ ಇಲ್ಲ. ದೊಡ್ಡ ಮೊತ್ತದ ನಗದು ವ್ಯವಹಾರ ಮಾಡುವ ವ್ಯಾಪಾರಿಗಳಿಗೆ ಕಪ್ಪುಹಣ ತಡೆಯುವ 2017ರ ನಿಯಮಗಳು ಅನ್ವಯಿಸುತ್ತವೆ, ನಿಜ. ಆದರೆ ಕಳ್ಳ ಒಂದೇ ಅಂಗಡಿಗೆ ಅಷ್ಟೊಂದನ್ನು ಯಾಕೆ ಒಯ್ಯುತ್ತಾನೆ? ಇವತ್ತು ಎರಡು ಬಳೆ ಇಲ್ಲಿ, ನಾಳೆ ಒಂದು ಸರ ಅಲ್ಲಿ. ಪ್ರಾಮಾಣಿಕ ಅಂಗಡಿಯವರು ತಾವಾಗಿಯೇ ಗುರುತು ಕೇಳುತ್ತಾರೆ, ದಾಖಲೆ ಇಡುತ್ತಾರೆ. ಅಂಥವರು ಬಹಳ ಇದ್ದಾರೆ, ನಮ್ಮವರೂ ಇದ್ದಾರೆ, ಅವರನ್ನು ಇದರಲ್ಲಿ ಎಳೆಯಬಾರದು. ಕಳ್ಳ ಅವರ ಹತ್ತಿರ ಹೋಗುವುದಿಲ್ಲ. ಕಾಯ್ದೆ ಬೇಕಾಗಿರುವುದು ಕೇಳದೇ ಕೊಳ್ಳುವವರಿಗೆ.

ಇದು ಆಗದ ಮಾತೇನಲ್ಲ. ಕೆಂಟ್ ಕೌಂಟಿಯವರು 2001ರಲ್ಲೇ ತಮ್ಮದೇ ಸ್ಥಳೀಯ ಕಾಯ್ದೆ ಮಾಡಿಸಿಕೊಂಡರು. ಹಳೇ ಸಾಮಾನು ಕೊಳ್ಳುವ ವ್ಯಾಪಾರಿಗಳು ನೋಂದಣಿ ಮಾಡಿಸಬೇಕು, ಯಾರಿಂದ ಏನು ಕೊಂಡರು ಅಂತ ಬರೆದಿಡಬೇಕು ಅಂತ. ಒಂದು ಕೌಂಟಿ ಯೋಚಿಸಿದ್ದನ್ನು ದೇಶ ಯಾಕೆ ಯೋಚಿಸಬಾರದು? ಚಿನ್ನ ಬೆಳ್ಳಿ ಒಡವೆ ಕೊಳ್ಳುವಾಗ ನಗದು ಬೇಡ, ಗುರುತು ಕಡ್ಡಾಯ, ಕೊಂಡ ಪ್ರತಿ ಒಡವೆಯ ಫೋಟೋ ಇಡಬೇಕು, ಕೆಲವು ದಿನ ಕರಗಿಸದೆ ಇಟ್ಟುಕೊಂಡಿರಬೇಕು. ನನ್ನ ಬೇಡಿಕೆ ಇಷ್ಟೇ. ಕೊನೆಯದ್ದು ಬಹಳ ಮುಖ್ಯ. ಕಳ್ಳತನ ಆದ ವಾರದೊಳಗೆ ಒಡವೆ ಇಡಿಯಾಗಿ ಉಳಿದಿದ್ದರೆ ಮಾತ್ರ ನಾವು ತೆಗೆದಿಟ್ಟ ಫೋಟೋಗೆ ಬೆಲೆ.

ಈ ಕೇಳಿಕೆ ಇಡಲು ನಮ್ಮ ಹತ್ತಿರ ಬಲ ಬೇಕು. ಬಲ ಅಂದರೆ ದಾಖಲಾದ ದೂರುಗಳು. ತಾಮ್ರದ ವಿಷಯದಲ್ಲಿ ರೈಲ್ವೆಯವರು, ಚರ್ಚಿನವರು ಒಂದೊಂದು ಕಳ್ಳತನವನ್ನೂ ಬರೆದಿಟ್ಟರು, ಎಣಿಸಿದರು, ಸಂಸದರ ಮುಂದೆ ಇಟ್ಟರು. ನಾವು ಅತ್ತೆಗೆ ಗೊತ್ತಾಗಬಾರದು ಅಂತ ಅರ್ಧ ದೂರು ಕೊಟ್ಟು ಕೂತಿದ್ದೇವೆ. ಹಾಗಾದರೆ ಹೇಗೆ?

ಆದ್ದರಿಂದ ಈ ವಾರಾಂತ್ಯ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಒಡವೆಗಳನ್ನೆಲ್ಲ ಒಂದು ಬಿಳಿ ಬಟ್ಟೆಯ ಮೇಲೆ ಹರಡಿ. ಒಂದೊಂದರದ್ದೂ ಮುಂದೆ, ಹಿಂದೆ ಫೋಟೋ ತೆಗೆಯಿರಿ. ಕೊಂಡಿಯ ಹತ್ತಿರ 916 ಅಂತಲೋ ಅಂಗಡಿಯ ಗುರುತೋ ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗ್ರಾಂ ಬರೆಯಿರಿ. ಯಾವುದಾದರೂ ಕಡೆ ಬೆಸುಗೆ ಹಾಕಿದ್ದರೆ, ಕಲ್ಲು ಉದುರಿದ್ದರೆ ಅದನ್ನೂ ಬರೆಯಿರಿ. ಅದೇ ಒಡವೆಯ ಗುರುತು. ಇಮ್ಮೊಬಿಲೈಸ್ ಅನ್ನುವ ರಾಷ್ಟ್ರೀಯ ನೋಂದಣಿಯಲ್ಲಿ ಇವನ್ನು ಸೇರಿಸಬಹುದು, ಅದಕ್ಕೆ ದುಡ್ಡಿಲ್ಲ. ಫೋಟೋಗಳ ಒಂದು ಪ್ರತಿ ಮನೆಯ ಹೊರಗೆ, ಅಂದರೆ ಇಮೇಲಿನಲ್ಲೋ ತಂಗಿಯ ಹತ್ತಿರವೋ ಇರಲಿ.

ಆಮೇಲೆ ಮನೆ ಸಾಮಾನಿನ ವಿಮೆಯ ಪಾಲಿಸಿ ತೆಗೆದು ಓದಿ. ಬಹಳ ಜನ ಓದಿರುವುದಿಲ್ಲ. ಐವತ್ತು ಸಾವಿರ ಪೌಂಡಿಗೆ ವಿಮೆ ಇದೆ ಅಂತ ನೆಮ್ಮದಿಯಾಗಿರುತ್ತೇವೆ. ಒಳಗೆ ನೋಡಿದರೆ ಒಂದೊಂದು ವಸ್ತುವಿಗೆ ಮಿತಿ ಇರುತ್ತದೆ. ಸಾಮಾನ್ಯವಾಗಿ ಒಂದೂವರೆ, ಎರಡು ಸಾವಿರ ಪೌಂಡ್. ಅದಕ್ಕಿಂತ ಬೆಲೆಬಾಳುವ ಒಡವೆಯನ್ನು ಹೆಸರು ಹೇಳಿ ಸೇರಿಸದಿದ್ದರೆ ಪೂರ್ತಿ ಹಣ ಬರುವುದಿಲ್ಲ. ಇನ್ನೊಂದು ಷರತ್ತು ನಮಗೇ ಬರೆದ ಹಾಗಿದೆ. ಮನೆ ಖಾಲಿ ಬಿಟ್ಟಿರುವ ದಿನಗಳಿಗೂ ಮಿತಿ ಇದೆ. ಕೆಲವರಿಗೆ 30, ಕೆಲವರಿಗೆ 60. ಬೇಸಿಗೆ ರಜೆಗೆ ಐದಾರು ವಾರ ಊರಿಗೆ ಹೋಗುವವರು ನಾವಲ್ವಾ? ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ. ಬಾಡಿಗೆ ಮನೆಯವರು ಇನ್ನೂ ಗಮನಿಸಬೇಕು. ಮನೆ ಮಾಲೀಕರ ವಿಮೆ ಅವರ ಗೋಡೆಗೆ, ನಿಮ್ಮ ಒಡವೆಗಲ್ಲ.

ದಿನಾ ಹಾಕಿಕೊಳ್ಳದ ಒಡವೆ ಮನೆಯಲ್ಲಿ ಬೇಡ. ಬ್ಯಾಂಕುಗಳಲ್ಲಿ ಲಾಕರ್ ಈಗ ಸಿಗುವುದು ಕಷ್ಟ, ಖಾಸಗಿಯವರ ಲಾಕರುಗಳಿವೆ. ಅಲ್ಲಿಟ್ಟರೆ ಚಿಂತೆಯೇ ಇಲ್ಲ ಅಂತಲ್ಲ. 2015ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿ ಕಾಂಕ್ರೀಟ್ ಗೋಡೆಯನ್ನೇ ಕೊರೆದು ಲಾಕರುಗಳನ್ನು ದೋಚಿದ್ದು ನೆನಪಿರಬಹುದು. ಲಾಕರಿನ ಬಾಡಿಗೆಯ ಜೊತೆ ವಿಮೆ ಎಷ್ಟಕ್ಕಿದೆ ಅಂತ ಕೇಳಿಯೇ ಇಡಿ. ಆದರೂ ಅಕ್ಕಿ ಡಬ್ಬಕ್ಕಿಂತ ಅದು ಸಾವಿರ ಪಾಲು ಮೇಲು. ಮನೆಯಲ್ಲೇ ತಿಜೋರಿ ಇಡುತ್ತೀರಾದರೆ ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿಸಿದ್ದು ಇರಲಿ. ಕೈಯಲ್ಲಿ ಎತ್ತಬಹುದಾದ ತಿಜೋರಿ ಕಳ್ಳನಿಗೆ ಕೊಟ್ಟ ಚೀಲ.

ಬಾಗಿಲ ಬಗ್ಗೆ ಎರಡೇ ಮಾತು. ಇಲ್ಲಿನ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲು ಎಳೆದುಕೊಂಡರೆ ಬೀಗ ಬಿದ್ದ ಹಾಗಲ್ಲ. ಹಿಡಿಯನ್ನು ಮೇಲಕ್ಕೆತ್ತಿ, ಕೀಲಿ ತಿರುಗಿಸಬೇಕು, ಮನೆಯೊಳಗೆ ಇದ್ದಾಗಲೂ. ಬೀಗದ ಸಿಲಿಂಡರ್ ಹಳೆಯದಾದರೆ ಮುರಿಯುವುದು ಸುಲಭ. ಮೂರು ನಕ್ಷತ್ರದ ಗುರುತಿರುವ ಸಿಲಿಂಡರ್ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಬರಹದಲ್ಲಿ ಕೇಳಿ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಹೋದ ಕೂಡಲೇ ಸಂಜೆ ಐದಕ್ಕೆ ಕತ್ತಲು. ದೀಪಾವಳಿ ಬರುವುದೂ ಆ ಹೊತ್ತಿಗೇ. ದೀಪಕ್ಕೆ ಒಂದು ಟೈಮರ್ ಹಾಕಿ.

ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮಂದಿರಿಗೂ ಹೇಳಿಕೊಡಿ. ಹಗಲು ಮನೆಯಲ್ಲಿ ಒಬ್ಬರೇ ಇರುವವರು ಅವರೇ. ನೀರಿನ ಕಂಪನಿಯವರು, ಮೀಟರ್ ನೋಡಬೇಕು ಅಂತ ಯಾರೋ ಬರುತ್ತಾರೆ. ಒಬ್ಬ ಮಾತಾಡಿಸುತ್ತಾನೆ, ಇನ್ನೊಬ್ಬ ಮಹಡಿಗೆ ಹೋಗುತ್ತಾನೆ. ಬಂದವರನ್ನು ಹೊರಗೆ ನಿಲ್ಲಿಸುವುದು ನಮ್ಮ ಹಿರಿಯರಿಗೆ ಕಷ್ಟ. ನೀರು ಕೊಡಲಾ ಅಂತ ಕೇಳುವ ಜೀವಗಳು ಅವು. ಬಾಗಿಲು ತೆಗೆಯದೇ ಇದ್ದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಅವರಿಗೆ ತಿಳಿಸಿ.

ವರಮಹಾಲಕ್ಷ್ಮಿ ಹಬ್ಬದ ಫೋಟೋಗಳ ಬಗ್ಗೆ ಹೇಳದೇ ಇರಲಾರೆ. ಕಳಶಕ್ಕೆ ಮನೆಯ ಅಷ್ಟೂ ಒಡವೆ ಹಾಕಿ, ಮುಂದೆ ನೋಟುಗಳ ಜೋಡಣೆ ಮಾಡಿ, ಫೋಟೋ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇವೆ. ಹಿಂದೆ ಕಿಟಕಿ, ಕಿಟಕಿಯಾಚೆ ಬೀದಿ. ಹಬ್ಬ ಚೆನ್ನಾಗಿ ಮಾಡಿ, ಕಳಶಕ್ಕೆ ಚಿನ್ನವನ್ನೇ ಹಾಕಿ. ಫೋಟೋ ಮಾತ್ರ ಮನೆಯವರಿಗೆ, ಆಪ್ತರಿಗೆ ಇರಲಿ.

ಆದರೆ ಬಾಗಿಲಿನ ತೋರಣ ತೆಗೆಯಿರಿ, ರಂಗೋಲಿ ಹಾಕಬೇಡಿ, ಭಾರತೀಯರ ಮನೆ ಅಂತ ಗೊತ್ತಾಗಬಾರದು ಅಂತ ಸಲಹೆ ಕೊಡುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆ ನಮ್ಮ ಮನೆಯ ಹಾಗೇ ಇರಬೇಕು. ಅಡಗಿ ಬದುಕಬೇಕಾದವರು ಕದಿಯುವವರು.

ಕೊನೆಯದಾಗಿ, ನಿಮ್ಮ ಸಂಸದರಿಗೆ ಬರೆಯಿರಿ. ಪೌರತ್ವ ಇಲ್ಲದಿದ್ದರೂ ಬರೆಯಬಹುದು. ಆ ಕ್ಷೇತ್ರದ ನಿವಾಸಿ ಆಗಿದ್ದರೆ ಸಾಕು. ಸಂಸತ್ತಿನ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಅವರ ಹೆಸರು, ಇಮೇಲ್ ಸಿಗುತ್ತದೆ. ಹತ್ತು ಸಾಲು ಸಾಕು. ನಿಮ್ಮ ಮನೆಯಲ್ಲಿ ಏನಾಯಿತು, ಪೊಲೀಸರು ಕೊಟ್ಟ ದೂರಿನ ಸಂಖ್ಯೆ ಏನು, ತನಿಖೆ ಎಲ್ಲಿಗೆ ಬಂತು, ಅಷ್ಟನ್ನು ಬರೆಯಿರಿ. 2013ರ ಕಾಯ್ದೆಯ 21ನೇ ವಿಧಿಯಲ್ಲಿ ಚಿನ್ನ ಬೆಳ್ಳಿಯನ್ನು ಯಾಕೆ ಹೊರಗಿಟ್ಟಿದ್ದಾರೆ, ಅದನ್ನು ತಿದ್ದಲು ನೀವು ಗೃಹ ಸಚಿವಾಲಯವನ್ನು ಕೇಳುತ್ತೀರಾ ಅಂತ ನೇರವಾಗಿ ಕೇಳಿ. ಕ್ಷೇತ್ರದಲ್ಲಿ ಜನರನ್ನು ಭೇಟಿ ಮಾಡುವ ದಿನಕ್ಕೆ ಹೆಸರು ಕೊಟ್ಟು ಖುದ್ದಾಗಿ ಹೋಗಿ. ಪಕ್ಕದ ಮನೆಯ ಗುಜರಾತಿಯವರನ್ನು, ಪಂಜಾಬಿಯವರನ್ನು, ತಮಿಳರನ್ನು ಜೊತೆಗೆ ಕರೆದುಕೊಳ್ಳಿ. ಅವರ ಮನೆಗಳಲ್ಲೂ ಇದೇ ಕಥೆ.

ನಮ್ಮ ಕನ್ನಡ ಸಂಘಗಳ ಹಿರಿಯರಲ್ಲೂ ಒಂದು ವಿನಂತಿ. ಈ ಸಲದ ದೀಪಾವಳಿ ಕಾರ್ಯಕ್ರಮದಲ್ಲಿ ಊಟಕ್ಕೆ ಮುಂಚೆ ಒಂದು ಅರ್ಧ ಗಂಟೆ ಕೊಡಿ. ಸ್ಥಳೀಯ ಪೊಲೀಸರನ್ನು ಕರೆಸಿ, ಸಂಸದರನ್ನೂ ಕರೆಸಿ. ಕಳೆದುಕೊಂಡ ಕುಟುಂಬಗಳು ಎದ್ದು ನಿಂತು ಮಾತಾಡಲಿ. ಪಕ್ಕದ ರಸ್ತೆಯ ಆ ಕುಟುಂಬ ಮಾತಾಡಲು ಒಪ್ಪಿದೆ. ಅವರ ಜೊತೆ ನಾನೂ ಬರುತ್ತೇನೆ.

ಇಂತಿ ನಿಮ್ಮವಳು,
ಬರ್ಕ್‌ಷೈರ್‌ನ ಒಬ್ಬ ಕನ್ನಡತಿ